ಮೂರು ಗುಲಗಂಜಿ ತೂಕ

ಮುದ್ದಮ್ಮನ ಕೈಗುಣ ಒಳ್ಳೆಯದು ಎಂಬ ಮಾತು ಸರಸ್ವತಿಪುರಂನ ಆ ಅಡ್ಡರಸ್ತೆಯಲ್ಲಿ ಯಾವಾಗ ಹುಟ್ಟಿತೆಂದು ಯಾರೂ ಖಚಿತವಾಗಿ ಹೇಳಲಾರರು. ಅವಳದು ಎಂಟಡಿ ಅಗಲದ ಹೊಲಿಗೆ ಅಂಗಡಿ. ಒಂದು ಮೆಷಿನ್ನು, ಬಟ್ಟೆ ಕತ್ತರಿಸಲು ಹಳೆಯ ಮಂಚದ ಹಲಗೆ, ಗೋಡೆಯುದ್ದಕ್ಕೂ ತೂಗುವ ರವಿಕೆಗಳು. ಮದುವೆಯ ರವಿಕೆಯನ್ನು ಹೊಲಿಯುವವರು ಬೇರೆ ಯಾರೇ ಆಗಿರಲಿ, ಬಟ್ಟೆಗೆ ಮೊದಲ ಕತ್ತರಿ ಮಾತ್ರ ಮುದ್ದಮ್ಮನ ಕೈಯಿಂದಲೇ ಬೀಳಬೇಕೆಂದು ಅಗ್ರಹಾರದಿಂದ, ಒಂಟಿಕೊಪ್ಪಲಿನಿಂದ ಹೆಂಗಸರು ಹುಡುಕಿಕೊಂಡು ಬರುತ್ತಿದ್ದರು. ಅವಳು ಕತ್ತರಿ ಹಾಕಿದ ರವಿಕೆ ತೊಟ್ಟ ಮದುಮಗಳು ಗಂಡನ ಮನೆಯಲ್ಲಿ ಕಣ್ಣೀರು ಹಾಕಿದ್ದಿಲ್ಲವೆಂಬುದು ಬೀದಿಯ ನಂಬಿಕೆ. ಅದನ್ನು ಯಾರೂ ತಾಳೆ ನೋಡಿರಲಿಲ್ಲ. ನೋಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಮಗಳು ಸೌಮ್ಯ ಆರು ವರ್ಷದವಳಿದ್ದಾಗ ಮುದ್ದಮ್ಮನ ಗಂಡ ತೀರಿಕೊಂಡ. ಆ ಬಳಿಕ ಎಂಟು ತಿಂಗಳು ಮದುವೆಯ ಬಟ್ಟೆಯೊಂದೂ ಅವಳ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಸೀರೆಗೆ ಫಾಲ್ಸು, ಪರದೆಗೆ ಅಂಚು, ಶಾಲೆಯ ಅಂಗಿಗೆ ಗುಂಡಿ, ಇಷ್ಟರಲ್ಲೇ ಅವಳ ದಿನ ಮುಗಿಯುತ್ತಿತ್ತು. ಕೊನೆಗೆ ನಿವೃತ್ತ ಮುಖ್ಯೋಪಾಧ್ಯಾಯಿನಿ ಸುಮಿತ್ರಮ್ಮ ತಮ್ಮ ಹಿರಿಯ ಮೊಮ್ಮಗಳ ಧಾರೆಯ ರವಿಕೆ ಬಟ್ಟೆಯನ್ನು ತಂದು ಹಲಗೆಯ ಮೇಲೆ ಹರಡಿದರು. "ಕೈಗುಣ ಇರೋದು ಕೈಯಲ್ಲಿ ಕಣಮ್ಮ, ಹಣೇಲಲ್ಲ. ಹಾಕು ಕತ್ತರಿ" ಎಂದರು, ಬೀದಿಗೆಲ್ಲ ಕೇಳಿಸುವ ಹಾಗೆ, ತರಗತಿಯಲ್ಲಿ ಹೇಳುತ್ತಿದ್ದ ದನಿಯಲ್ಲೇ. ಆ ಮೊಮ್ಮಗಳು ಸುಖವಾಗಿ ಬಾಳಿದಳು. ಮುದ್ದಮ್ಮನ ಕೈ ಅವಳಿಗೆ ಹಿಂತಿರುಗಿತು.

ಪಕ್ಕದ ಅಂಗಡಿಯ ಮಹದೇವಪ್ರಸಾದ್ ಇದನ್ನೆಲ್ಲ ಕಣ್ಣಾರೆ ಕಂಡವನು. ಕಂಡವನಾದ್ದರಿಂದಲೇ, ತಾನು ಮಾಡಿದ್ದೇನೆಂಬುದು ಅರ್ಥವಾದ ದಿನ ತಿಳಿಯದೆ ಮಾಡಿದೆ ಎಂದುಕೊಳ್ಳುವ ಸಮಾಧಾನವೂ ಅವನಿಗೆ ಉಳಿಯಲಿಲ್ಲ.

ಅವನ ಅಂಗಡಿಯ ಹೆಸರು ಶ್ರೀ ಗುರುಸಿದ್ಧೇಶ್ವರ ಹಾಬಿ ಸೆಂಟರ್. ಹದಿನೈದು ವರ್ಷದ ಹಿಂದೆ ಅದು ಬಾಗಿಲು ತೆರೆದಾಗ ಬೋಣಿ ಮಾಡಿದ್ದು ಮುದ್ದಮ್ಮನೇ. ಕಂಕುಳಲ್ಲಿ ಸೌಮ್ಯಳನ್ನು ಎತ್ತಿಕೊಂಡು ಬಂದು ಒಂದು ಡಬ್ಬಿ ಬಣ್ಣದ ಪೆನ್ಸಿಲು ಕೊಂಡಿದ್ದಳು. ಅಂದಿನಿಂದ ಪ್ರತಿ ಸೋಮವಾರ ಅವನ ಅಂಗಡಿಯ ಮೊದಲ ವ್ಯಾಪಾರ ಅವಳದೇ ಎಂಬುದು ಯಾರೂ ಬರೆದಿಡದ ಒಪ್ಪಂದವಾಗಿತ್ತು. ಬೋಗಾದಿಯ ಬಸ್ಸಿಳಿದು ನೇರ ಬಂದು, ಒಂದು ರಬ್ಬರೋ ಒಂದು ಗೋಂದಿನ ಸೀಸೆಯೋ ಕೊಂಡು, ಆಮೇಲೆ ತನ್ನ ಬಾಗಿಲು ತೆಗೆಯುವಳು. ಗಂಡ ಸತ್ತ ಆ ಎಂಟು ತಿಂಗಳಲ್ಲೂ ಅವನು ಬೇರೆಯವರಿಂದ ಸೋಮವಾರದ ಬೋಣಿ ಮಾಡಿಸಿಕೊಂಡಿರಲಿಲ್ಲ. ಅದೊಂದು ಅವನ ಬದುಕಿನಲ್ಲಿ ಅವನಿಗೇ ಹೆಮ್ಮೆಯೆನಿಸುವ ಸಂಗತಿ.

ಹಾಬಿ ಅಂಗಡಿಯೆಂದರೆ ಆತುರದವರ ವ್ಯಾಪಾರವಲ್ಲ. ಮರದ ವಿಮಾನದ ಕಿಟ್ಟು ಕೊಂಡವನು ಅದನ್ನು ಕೂಡಿಸಿ ಮುಗಿಸಲು ಬೇಸಿಗೆ ರಜೆ ಪೂರ್ತಿ ಬೇಕು. ಮುಗಿದ ಮೇಲೆ ಅವನು ದೊಡ್ಡವನಾಗಿಬಿಟ್ಟಿರುತ್ತಾನೆ. ಅಂಚೆಚೀಟಿ ಸಂಗ್ರಹಿಸುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಬಣ್ಣ, ಕುಂಚ, ಕ್ಯಾನ್‌ವಾಸುಗಳೆಲ್ಲ ಮೊಬೈಲಿನಲ್ಲಿ ಒತ್ತಿದರೆ ಮನೆಬಾಗಿಲಿಗೆ ಬರತೊಡಗಿದವು. ಗಾಜಿನ ಕಪಾಟಿನಲ್ಲಿದ್ದ ಹಡಗಿನ ಮಾದರಿಯೊಂದರ ಹಾಯಿಪಟ ಬಿಳಿಯಿಂದ ಚಹಾ ಬಣ್ಣಕ್ಕೆ ತಿರುಗಿದ್ದನ್ನು ಮಹದೇವಪ್ರಸಾದ್ ದಿನವೂ ನೋಡುತ್ತಿದ್ದ.

ಹೋದ ವರ್ಷ ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಸುಂದರೇಶನೆಂಬ ವಿತರಕ ಬೆಂಗಳೂರಿನಿಂದ ಬಂದ. ಅವನು ಕೈಚೀಲದಿಂದ ತೆಗೆದದ್ದು ಅಂಗೈಯಗಲದ, ನಾಲ್ಕೂ ಬದಿ ಮೊಹರಾದ, ಮಿರುಗುವ ಪೊಟ್ಟಣ. ಒಳಗೆ ಹನ್ನೆರಡು ಕಾರ್ಡು. ಆಟದ ಹೆಸರು ಸೆವೆನ್ ಫೋರ್ಟ್ಸ್. ಯಾವ ಪೊಟ್ಟಣದಲ್ಲಿ ಯಾವ ಕಾರ್ಡಿದೆಯೆಂಬುದು ಒಡೆಯುವವರೆಗೆ ಯಾರಿಗೂ ತಿಳಿಯದು, ಅಪರೂಪದವು ಇಪ್ಪತ್ತಕ್ಕೊಂದು ಪೊಟ್ಟಣದಲ್ಲಿ ಸಿಕ್ಕರೆ ಸಿಕ್ಕವು ಎಂದು ಸುಂದರೇಶ ವಿವರಿಸಿದ. ಮೂರು ತಿಂಗಳಿಗೊಮ್ಮೆ ಹೊಸ ಕಂತು ಬರುತ್ತದೆ. ಇಟ್ಟುಕೊಳ್ಳಲು ಒಂದು ಗೇಣು ಜಾಗ ಸಾಕು. ಭಾನುವಾರ ಎರಡು ಮೇಜು ಹಾಕಿ ಆಡಲು ಕೂರಿಸಿದರೆ ಆಡುವವರೇ ಇನ್ನಷ್ಟು ಆಡುವವರನ್ನು ಕರೆತರುತ್ತಾರೆ. "ಸಾರ್, ವಿಮಾನ ಮಾರಿದ್ರೆ ಗಿರಾಕಿ ಹಾರೋಗ್ತಾನೆ. ಇದ್ರಲ್ಲಿ ಹಂಗಿಲ್ಲ, ವಾರಾ ವಾರಾ ನಿಮ್ಮ ಮೆಟ್ಲ ಮೇಲೇ ಇರ್ತಾನೆ" ಎಂದು ನಕ್ಕ.

ಅವನು ಹೇಳಿದಂತೆಯೇ ಆಯಿತು. ಯುಗಾದಿಯ ಹೊತ್ತಿಗೆ ಭಾನುವಾರದ ಮೇಜುಗಳು ನಾಲ್ಕಾದವು. ಟ್ಯುಟೋರಿಯಲ್ಲಿನ ವಿದ್ಯಾರ್ಥಿಗಳು, ಬ್ಯಾಂಕಿನ ಇಬ್ಬರು ಗುಮಾಸ್ತರು, ಎಂಜಿನಿಯರಿಂಗ್ ಓದುವ ನಾಗಾರ್ಜುನನೆಂಬ ಮಾತಿನ ಮಲ್ಲ, ಎಲ್ಲರೂ ಬಂದು ಕೂತರು. ಕಾರ್ಡಿಗೆ ತೊಡಿಸುವ ಪ್ಲಾಸ್ಟಿಕ್ ಕವಚ, ಇಡುವ ಡಬ್ಬಿ, ನಡುವೆ ಕುಡಿಯುವ ಶರಬತ್ತು, ಒಂದನ್ನು ಹಿಡಿದು ಇನ್ನೊಂದು ಮಾರಾಟವಾಗುತ್ತಿತ್ತು. ಸೌಮ್ಯ ಈಗ ಬಿ.ಎಸ್ಸಿ. ಎರಡನೆಯ ವರ್ಷ. ಅವಳೂ ಬಂದು ಕೂತಳು. ತಿಂಗಳೊಳಗೆ ನಾಗಾರ್ಜುನನನ್ನೇ ಸೋಲಿಸಿದಳು. ಅವಳಿಗೆ ಬೇಕಾಗಿದ್ದ ಒಂದೇ ಕಾರ್ಡು, ಅಪರೂಪದವುಗಳಲ್ಲೊಂದಾದ ಕಂದಕದ ರಾಣಿ. ಅದು ಸಿಕ್ಕರೆ ಬೆಂಗಳೂರಿನ ಪಂದ್ಯಕ್ಕೆ ಹೋಗಬಹುದೆಂದು ಅವಳ ಆಸೆ. ಮುದ್ದಮ್ಮ ಸೋಮವಾರದ ಬೋಣಿಗೆ ಗೋಂದು, ರಬ್ಬರು ಬಿಟ್ಟು ಒಂದು ಪೊಟ್ಟಣ ಕೊಳ್ಳತೊಡಗಿದಳು. ಪೊಟ್ಟಣ ಹರಡಿಟ್ಟ ತಟ್ಟೆಯ ಮೇಲೆ ಕೈಯಾಡಿಸಿ, ಕಣ್ಣು ಮುಚ್ಚಿ, ಒಂದನ್ನು ಎತ್ತುವಳು. "ನಂ ಕೈಗೆ ಸಿಕ್ದೆ ಎಲ್ಲೋದಾಳು ನಿನ್ ರಾಣಿ" ಎನ್ನುವಳು ಮಗಳಿಗೆ.

ಇಲ್ಲಿಗೆ ಒಂದು ತಕ್ಕಡಿಯ ಮಾತು ಹೇಳಬೇಕು.

ಮಹದೇವಪ್ರಸಾದನ ತಂದೆ ಗುರುಸಿದ್ದಯ್ಯನವರು ಸಂತೆಪೇಟೆಯಲ್ಲಿ ಗ್ರಂಧಿಗೆ ಅಂಗಡಿ ಇಟ್ಟಿದ್ದವರು. ಅಳಲೆಕಾಯಿ, ಬಜೆ, ಜಾಯಿಕಾಯಿಗಳಿಗೆ ದೊಡ್ಡ ತಕ್ಕಡಿ. ಕೇಸರಿ, ಪಚ್ಚಕರ್ಪೂರಗಳಿಗೆ ಮಾತ್ರ ಬೀಟೆಮರದ ಪೆಟ್ಟಿಗೆಯಿಂದ ಹೊರಬರುತ್ತಿದ್ದ ಹಿತ್ತಾಳೆಯ ಸಣ್ಣ ತಕ್ಕಡಿ. ಅದರ ತೂಕದ ಬಟ್ಟುಗಳ ಜೊತೆ ಒಂದು ಹಿಡಿ ಗುಲಗಂಜಿಯೂ ಇರುತ್ತಿತ್ತು. ಒಂದು ಗುಲಗಂಜಿ ಹೆಚ್ಚಾದರೂ ತಟ್ಟೆ ವಾಲುವಷ್ಟು ಸೂಕ್ಷ್ಮ ಅದು. ಸರಿಯಾಗಿ ತೂಗಿಯಾದ ಮೇಲೆ ಕೊಸರು ಹಾಕುವುದು ಹಿರಿಯರ ಪದ್ಧತಿ. ಬೆಲ್ಲಕ್ಕೆ ಬೆಲ್ಲದ ಚೂರು, ಮೆಣಸಿಗೆ ನಾಲ್ಕು ಕಾಳು, ಕೇಸರಿಗೂ ಒಂದು ಎಸಳು. ಕೇಸರಿಗೆ ಯಾರು ಕೊಸರು ಹಾಕುತ್ತಾರೆ ಎಂದು ಪಕ್ಕದ ಅಂಗಡಿಯವರು ನಗಾಡಿದರೆ, ತಟ್ಟೆ ಗಿರಾಕಿ ಕಡೆಗೆ ಬಾಗದಿದ್ದರೆ ತನಗೆ ರಾತ್ರಿ ಊಟ ಇಳಿಯುವುದಿಲ್ಲ ಎನ್ನುತ್ತಿದ್ದರು. ಅವರು ಲಿಂಗೈಕ್ಯರಾದ ಮೇಲೆ ತಕ್ಕಡಿ ಮಗನ ಅಂಗಡಿಯ ದೇವರ ಗೂಡಿಗೆ ಬಂತು. ಅಂಗಡಿಯ ಮೇಲೇ ಮನೆ. ಹೆಂಡತಿ ನೀಲಮ್ಮ ಬೆಳಿಗ್ಗೆ ಇಳಿದು ಬಂದು ದೀಪ ಹಚ್ಚಿ, ತಕ್ಕಡಿಯ ಎರಡೂ ತಟ್ಟೆಗೆ ವಿಭೂತಿಯ ಮೂರು ಗೆರೆ ಎಳೆದು ಹೋಗುವಳು.

ಗ್ರಂಧಿಗೆಯವರ ಮನೆಯಲ್ಲಿ ಹುಟ್ಟಿದವನಿಗೆ ಹೊಸ ಸರಕು ಬಂದರೆ ತೂಗಿ ನೋಡದೆ ಸಮಾಧಾನವಿಲ್ಲ. ಕಾರ್ಡು ಮಾರುವ ಬೇರೆ ಯಾರಿಗೂ ಹೊಳೆಯದಿದ್ದೀತು. ಇವನಿಗೆ ಅದು ಉಸಿರಾಟದಷ್ಟು ಸಹಜ. ಏಪ್ರಿಲ್ಲಿನ ಒಂದು ಬೆಳಿಗ್ಗೆ, ಶಟರನ್ನು ಅರ್ಧವಷ್ಟೇ ಎತ್ತಿ, ಹೊಸ ಪೆಟ್ಟಿಗೆ ಬಿಚ್ಚಿದವನು, ಎಲ್ಲ ಪೊಟ್ಟಣದಲ್ಲೂ ಹನ್ನೆರಡೇ ಕಾರ್ಡಿವೆಯೋ ಕಡಿಮೆ ತುಂಬಿದ್ದಾರೋ ನೋಡೋಣವೆಂದು ಒಂದನ್ನು ಈ ತಟ್ಟೆಗೂ ಇನ್ನೊಂದನ್ನು ಆ ತಟ್ಟೆಗೂ ಇಟ್ಟ. ಹೆಚ್ಚಿನವು ಸಮ ನಿಂತವು. ಎರಡು ಮಾತ್ರ ಕೆಳಗಿಳಿದವು. ಎದುರು ತಟ್ಟೆಗೆ ಮೂರು ಗುಲಗಂಜಿ ಹಾಕಿದಾಗ ಸಮವಾಯಿತು. ಒಂದು ಕಾರ್ಡು ಹೆಚ್ಚು ತುಂಬಿರಬೇಕೆಂದು ಒಡೆದು ಎಣಿಸಿದರೆ ಎರಡರಲ್ಲೂ ಹನ್ನೆರಡೇ. ಆದರೆ ಎರಡರಲ್ಲೂ ಒಂದೊಂದು ಕಾರ್ಡಿಗೆ ಬೆಳ್ಳಿಯಂಥ ಹಾಳೆ ಮೆತ್ತಿತ್ತು. ಅಪರೂಪದವು ಅವೇ. ಆ ಬೆಳ್ಳಿಹಾಳೆಯ ಭಾರವೇ ಮೂರು ಗುಲಗಂಜಿ.

ಅವನು ಬಹಳ ಹೊತ್ತು ಸ್ಟೂಲಿನ ಮೇಲೆ ಕೂತಿದ್ದ. ಆಮೇಲೆ ಆ ಎರಡು ಕಾರ್ಡನ್ನು ಗಾಜಿನ ಕಪಾಟಿನಲ್ಲಿ, ಚಹಾ ಬಣ್ಣದ ಹಾಯಿಪಟದ ಹಡಗನ್ನು ಪಕ್ಕಕ್ಕೆ ಸರಿಸಿ, ಬೆಲೆಯ ಚೀಟಿಯೊಂದಿಗೆ ನಿಲ್ಲಿಸಿದ. ಭಾನುವಾರವೇ ಎರಡೂ ಹೋದವು. ಮುಂದಿನ ಪೆಟ್ಟಿಗೆ ಬಂದಾಗ ತೂಗುವ ಮೊದಲು ಒದ್ದೆ ಬಟ್ಟೆಯಿಂದ ತಟ್ಟೆಯ ಮೇಲಿನ ವಿಭೂತಿ ಒರೆಸಿದ. ಬೂದಿ ಇದ್ದರೆ ತೂಕ ತಪ್ಪುತ್ತದೆ. ಕೆಳಗಿಳಿದವನ್ನು ತಾನೇ ಒಡೆದು ಕಪಾಟಿಗೆ ಸೇರಿಸಿ, ಉಳಿದವನ್ನಷ್ಟೇ ಮಾರುವ ತಟ್ಟೆಯಲ್ಲಿ ಹರಡಿದ.

ತಾನು ಮಾಡುತ್ತಿರುವುದು ಮೋಸವೇ ಎಂದು ಅವನು ತನ್ನನ್ನು ಕೇಳಿಕೊಳ್ಳದೆ ಇರಲಿಲ್ಲ. ಮೊಹರು ಮುರಿದಿಲ್ಲ, ಕಲಬೆರಕೆಯಿಲ್ಲ, ಹನ್ನೆರಡು ಕಾರ್ಡೆಂದು ಹೇಳಿ ಹನ್ನೊಂದು ಕೊಟ್ಟಿಲ್ಲ. ಅಪರೂಪದ ಕಾರ್ಡು ಸಿಗುತ್ತದೆಂದು ಮಾತು ಕೊಟ್ಟವರು ಯಾರು? ವಕೀಲನಾಗಿದ್ದರೆ ಗೆಲ್ಲಬಹುದಾದ ವಾದ. ಆದರೂ ಬೆಳಗಿನ ಪೂಜೆಗೆ ಕೂತು ಎಡ ಅಂಗೈಯ ಮೇಲೆ ಇಷ್ಟಲಿಂಗ ಇಟ್ಟುಕೊಂಡರೆ, ಅಂಗೈ ತನ್ನಷ್ಟಕ್ಕೆ ಅದನ್ನು ತೂಗತೊಡಗುತ್ತಿತ್ತು. ನಿನ್ನೆಗಿಂತ ಭಾರವೇ, ಹಗುರವೇ ಎಂದು. ಅವನು ಕಣ್ಣು ಬಿಗಿಯಾಗಿ ಮುಚ್ಚಿ ಪೂಜೆಯನ್ನು ಬೇಗ ಮುಗಿಸಿ ಏಳುತ್ತಿದ್ದ. ಈ ಪೆಟ್ಟಿಗೆ ಮುಗಿದರೆ ನಿಲ್ಲಿಸುತ್ತೇನೆಂದು ಪ್ರತಿ ಪೆಟ್ಟಿಗೆಗೂ ಹೇಳಿಕೊಂಡ.

ಮುದ್ದಮ್ಮ ಸೋಮವಾರ ತಪ್ಪಿಸಲಿಲ್ಲ. ಏಪ್ರಿಲ್ ಕಳೆಯಿತು, ಮೇ ಕಳೆಯಿತು, ಆಷಾಢ ಬಂತು. ಪ್ರತಿ ಸಲವೂ ಅವಳು ಎತ್ತಿದ ಪೊಟ್ಟಣದಿಂದ ಅವೇ ಸಾಮಾನ್ಯ ಕಾಲಾಳುಗಳು, ಅವೇ ಮಣ್ಣಿನ ಗೋಡೆಗಳು. ಮೊದಮೊದಲು ಅವಳು ನಕ್ಕಳು. ಭಾನುವಾರದ ಮೇಜಿನಲ್ಲಿ ನಾಗಾರ್ಜುನ ಅದನ್ನು ತಮಾಷೆ ಮಾಡಿಕೊಂಡ. ಯಾರಾದರೂ ಪೊಟ್ಟಣ ಒಡೆಯುವ ಮುಂಚೆ, "ಸೌಮ್ಯನ ಅಮ್ಮ ಮುಟ್ಟಿಲ್ಲ ತಾನೇ" ಎನ್ನುವನು. ಸುತ್ತ ಕೂತವರು ನಗುವರು. ಸೌಮ್ಯ ಅವನ ತಲೆಗೆ ಮೊಟಕುವಳು. ಕಪಾಟಿನ ಹಿಂದೆ ನಿಂತು ಕೊಳ್ಳುವವರಿಗೆ ಚಿಲ್ಲರೆ ಕೊಡುತ್ತಿದ್ದ ಮಹದೇವಪ್ರಸಾದನ ಮೋರೆಯ ಮೇಲೂ ಒಂದು ನಗು ಬಂದಿತ್ತು. ಆ ನಗುವನ್ನು ನೆನೆದಾಗಲೆಲ್ಲ ಆಮೇಲೆ ಅವನ ಕಿವಿ ಬಿಸಿಯಾಗುತ್ತಿತ್ತು.

ಶ್ರಾವಣದಲ್ಲಿ ಇನ್ನೊಂದು ಸಂಗತಿ ನಡೆಯಿತು. ಮುದ್ದಮ್ಮ ಮೊದಲ ಕತ್ತರಿ ಹಾಕಿಕೊಟ್ಟಿದ್ದ ಒಂದು ಮದುವೆ ನಿಶ್ಚಯವಾಗಿದ್ದು ಮುರಿದುಬಿತ್ತು. ಹುಡುಗನಿಗೆ ಬೇರೆಲ್ಲೋ ಮನಸ್ಸಿತ್ತಂತೆ. ಕತ್ತರಿಗೂ ಅದಕ್ಕೂ ಸಂಬಂಧವೆಲ್ಲಿಯದು? ಬೇರೆ ವರ್ಷವಾಗಿದ್ದರೆ ಮುದ್ದಮ್ಮನೇ ಹಾಗೆ ಹೇಳಿ ಎರಡು ಬೈಗುಳ ಸೇರಿಸಿ ಮರೆಯುತ್ತಿದ್ದಳು. ಈ ವರ್ಷ ಅವಳ ಬಳಿ ವಾರಕ್ಕೊಂದರಂತೆ ಸಾಕ್ಷಿಯಿತ್ತು.

ಗೋಡೆಯೊಂದೇ ಆದ್ದರಿಂದ ಅವಳ ಅಂಗಡಿಯ ಸದ್ದುಗಳೆಲ್ಲ ಮಹದೇವಪ್ರಸಾದನಿಗೆ ಪರಿಚಿತ. ಮೆಷಿನ್ನಿನ ಓಟ, ಇಸ್ತ್ರಿಪೆಟ್ಟಿಗೆಯ ನಿಟ್ಟುಸಿರು, ದೊಡ್ಡ ಕತ್ತರಿ ಹಲಗೆಯ ಮೇಲೆ ಕಚ್ಚುತ್ತ ಸಾಗುವ ಕರಕರ. ಭಾದ್ರಪದದ ಹೊತ್ತಿಗೆ ಆ ಕರಕರ ಕೇಳಿಸದೆ ಎಷ್ಟೋ ದಿನವಾಗಿದೆಯೆಂಬುದು ಅವನ ಗಮನಕ್ಕೆ ಬಂತು. ವಿಚಾರಿಸಿದಾಗ ಸೌಮ್ಯ ಹೇಳಿದಳು. ಅಮ್ಮ ಮದುವೆಯ ಬಟ್ಟೆ ತೆಗೆದುಕೊಳ್ಳುತ್ತಿಲ್ಲ, ಬಂದವರನ್ನು ಅಗ್ರಹಾರದ ಇನ್ನೊಬ್ಬರ ಬಳಿ ಕಳಿಸುತ್ತಾರೆ, ಕೇಳಿದರೆ ಕಣ್ಣು ಮಂಜಾಗಿದೆ ಅನ್ನುತ್ತಾರೆ. "ಕಣ್ಣು ಸರಿಯಾಗೇ ಇದೆ ಅಂಕಲ್, ದೂರದ ಬಸ್ ಬೋರ್ಡ್ ನನಗಿಂತ ಮುಂಚೆ ಓದ್ತಾರೆ" ಎಂದಳು.

ಮುಂದಿನ ಸೋಮವಾರ ಅವನು ಎದುರಿಗೇ ಕೇಳಿದ. ಮುದ್ದಮ್ಮ ಒಡೆದ ಪೊಟ್ಟಣದ ಕಾರ್ಡುಗಳನ್ನು ಮತ್ತೆ ಒಂದರ ಮೇಲೊಂದು ಜೋಡಿಸುತ್ತಿದ್ದಳು.

"ಒಂದ್ಸಲ ಆದ್ರೆ ಅದೃಷ್ಟ ಅನ್ಬೋದು ಪ್ರಸಾದಣ್ಣ. ಇಪ್ಪತ್ಮೂರು ವಾರ ಆಯ್ತು. ಎಲ್ರಿಗೂ ಒಂದಲ್ಲ ಒಂದ್ಸಲ ಸಿಗೋದು ನಂಗ್ಯಾಕೆ ಸಿಗ್ತಿಲ್ಲ? ಕೈ ಓಯ್ತು ಕಣ್ರೀ. ಇದ್ದದ್ದು ಓದ್ರೆ ಗೊತ್ತಾಗ್ತದೆ." ಕಾರ್ಡುಗಳ ಅಂಚನ್ನು ಕಪಾಟಿಗೆ ತಟ್ಟಿ ಸರಿಮಾಡಿ, "ಅವರೆಲ್ಲ ಆವತ್ತೇ ಯೋಳಿದ್ರು. ಕುಂಕುಮ ಓದೋಳ ಕೈ ಅಂತ. ಸುಮಿತ್ರಮ್ಮೋರು ಒಬ್ರು ಒಪ್ಲಿಲ್ಲ ಅಷ್ಟೇ" ಎಂದಳು.

ಎಲ್ಲರಿಗೂ ಸಿಗುತ್ತಿರಲಿಲ್ಲ. ಯಾರಿಗೂ ಸಿಗುತ್ತಿರಲಿಲ್ಲ. ಮೇಜಿನ ಮೇಲೆ ಮಿರುಗುತ್ತಿದ್ದ ಅಪರೂಪದ ಕಾರ್ಡುಗಳೆಲ್ಲ ಅವನ ಕಪಾಟಿನಿಂದ ಕೊಂಡವು. ಅದನ್ನು ಹೇಳಲು ಅವನು ಬಾಯಿ ತೆರೆದ. ತೆರೆದ ಬಾಯಿಂದ ಬಂದದ್ದು ಹಾಗೆಲ್ಲ ಅಂದುಕೊಳ್ಳಬಾರದೆಂಬ ಸವಕಲು ಮಾತು. ಅಂದು ಮಧ್ಯಾಹ್ನ ಅನ್ನದ ಮುಂದೆ ಕೂತವನು ಮಜ್ಜಿಗೆ ಮಾತ್ರ ಕುಡಿದು ಎದ್ದ. ನೀಲಮ್ಮ ಅಜೀರ್ಣವೇ ಎಂದು ಓಮದ ಪುಡಿ ತಂದಿಟ್ಟಳು.

ಹೇಳಿದರೆ ಏನಾಗುತ್ತದೆಂಬುದು ಅವನಿಗೆ ಗೊತ್ತಿತ್ತು. ಭಾನುವಾರದ ನಾಲ್ಕು ಮೇಜು ಖಾಲಿಯಾಗುತ್ತವೆ. ಗುರುಸಿದ್ದಯ್ಯನವರ ಮಗ ತಕ್ಕಡಿಯಲ್ಲಿ ಮೋಸ ಮಾಡಿದನೆಂಬುದು ಸಂತೆಪೇಟೆಗೂ ಮುಟ್ಟುತ್ತದೆ. ಹೇಳದೆಯೇ ಸರಿಪಡಿಸುವ ದಾರಿಯಿದ್ದರೆ? ದಾರಿ ಕಂಡಿತು. ಅಷ್ಟು ಸುಲಭದ ದಾರಿ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ಮನಸ್ಸು ಹಗುರವೂ ಆಯಿತು. ದೀಪಾವಳಿಗೆ ಬಂದ ಹೊಸ ಪೆಟ್ಟಿಗೆಗಳನ್ನೆಲ್ಲ ತೂಗಿ ಕೆಳಗಿಳಿದ ಆರು ಪೊಟ್ಟಣಗಳನ್ನು ಬೇರೆ ಇಟ್ಟ, ಒಡೆಯಲಿಲ್ಲ. ಕಾರ್ತಿಕದ ಮೊದಲ ಸೋಮವಾರ ಮಾರುವ ತಟ್ಟೆಯ ಮೇಲೆ ಆ ಆರನ್ನು ಮಾತ್ರ ಹರಡಿದ. ಅವಳು ಎಲ್ಲಿ ಕೈಯಿಟ್ಟರೂ ಬೆಳ್ಳಿ.

ಅಂದು ಮುದ್ದಮ್ಮನ ಜೊತೆ ಕಾಲೇಜಿಗೆ ಹೊರಟ ಸೌಮ್ಯಳೂ ಬಂದಳು. ಮುದ್ದಮ್ಮ ದುಡ್ಡನ್ನು ಕಪಾಟಿನ ಮೇಲಿಟ್ಟು, ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಎತ್ತಿಕೊಳ್ಳಿ ಎಂದ ಅವನು. ಅವಳು ತಲೆಯಾಡಿಸಿದಳು.

"ನಾ ಮುಟ್ಟಾಕಿಲ್ಲ. ನೀವೇ ತಗ್ದು ಕೊಡಿ."

ಅವನು ಬಲವಂತ ಮಾಡಿದ. ಇವತ್ತು ಕಾರ್ತಿಕ ಸೋಮವಾರ, ಇವತ್ತು ಸಿಕ್ಕೇ ಸಿಗುತ್ತದೆ ಎಂದೆಲ್ಲ ಅಂದ. ತನ್ನ ದನಿ ಎಲ್ಲೋ ತಪ್ಪಾಗಿ ಕೇಳುತ್ತಿದೆಯೆಂದು ಅವನಿಗೇ ಅನ್ನಿಸಿತು. ಅವಳು ಕದಲಲಿಲ್ಲ. ಸೌಮ್ಯ ಬಸ್ಸಿಗೆ ತಡವಾಯಿತೆಂದು ಗೊಣಗಿದಳು. ಕೊನೆಗೆ ಅವನೇ ಮೇಲಿನದನ್ನು ತೆಗೆದುಕೊಟ್ಟ. ಸೌಮ್ಯ ಒಡೆದಳು, ಹನ್ನೊಂದು ಕಾರ್ಡುಗಳ ಕೆಳಗೆ, ನೀಲಿ ನೀರಿನಿಂದ ಸೊಂಟದವರೆಗೆ ಎದ್ದು ನಿಂತ ಕಂದಕದ ರಾಣಿ. ಹುಡುಗಿ ಅಂಗಡಿಯಲ್ಲೇ ಕುಣಿದಳು. ಮುದ್ದಮ್ಮ ಕಾರ್ಡನ್ನು ನೋಡಲೇ ಇಲ್ಲ. ಅವಳು ನೋಡಿದ್ದು ಮಹದೇವಪ್ರಸಾದನ ಬಲಗೈಯನ್ನು.

"ನೋಡಿದ್ರಾ" ಎಂದಳು ಮೆಲ್ಲಗೆ. ಆ ಮಾತಿನಲ್ಲಿ ಮತ್ಸರವಿರಲಿಲ್ಲ. ಬಹುದಿನದ ಅನುಮಾನ ಡಾಕ್ಟರ ಬಾಯಿಂದಲೇ ಖಚಿತವಾದವರ ಶಾಂತಿಯಿತ್ತು.

ಎರಡು ದಿನ ಅವನು ತನ್ನ ಬಲಗೈಯಿಂದ ಏನನ್ನು ಮುಟ್ಟಿದರೂ ಆ ನೋಟ ಅದರ ಮೇಲಿತ್ತು. ಬುಧವಾರ ಬೆಳಿಗ್ಗೆ ಮುದ್ದಮ್ಮ ಗೋಡೆಗೆ ಎರಡು ಸಲ ತಟ್ಟಿ ಕರೆದಳು. ಹೋದಾಗ ಕತ್ತರಿಸುವ ಹಲಗೆಯ ಮೇಲೆ ಜರಿಯಂಚಿನ ಕೆಂಪು ರೇಷ್ಮೆ ಬಟ್ಟೆ, ಸೀಮೆಸುಣ್ಣದ ಗೆರೆ ಎಳೆದು ಸಿದ್ಧವಾಗಿತ್ತು. ಸುಮಿತ್ರಮ್ಮನವರ ಕಿರಿಯ ಮೊಮ್ಮಗಳು ವಾಣಿಯ ಧಾರೆಯ ರವಿಕೆ. ಬೇಡವೆಂದರೂ ಅವರು ಕೇಳಲಿಲ್ಲವಂತೆ. ಅಕ್ಕನದು ನೀನೇ ಮಾಡಿದ್ದು, ತಂಗಿಯದೂ ನಿನ್ನದೇ ಎಂದು ಇಟ್ಟು ಹೋಗಿದ್ದರು. ಮುದ್ದಮ್ಮ ದೊಡ್ಡ ಕತ್ತರಿಯನ್ನು ಹಿಡಿಯ ಕಡೆ ಅವನಿಗೆ ತಿರುಗಿಸಿ ಚಾಚಿದಳು.

"ಒಂದು ಗೇಣು ಕತ್ತರಿಸ್ಕೊಡಿ ಸಾಕು. ಮಿಕ್ಕಿದ್ದು ನಾ ಮಾಡ್ಕೋತೀನಿ. ಅವರಿಗೆ ಯೋಳದು ಬ್ಯಾಡ. ಆ ಮಗೀಗೆ ನಿಮ್ ಕೈಗುಣ ಆದ್ರೂ ಬರ್ಲಿ."

ಮಹದೇವಪ್ರಸಾದ್ ಕತ್ತರಿ ಹಿಡಿದ. ಹಿಡಿದಾಗ ಅದು ಎಷ್ಟು ಭಾರವೆಂದು ಅಂಗೈ ತೂಗತೊಡಗಿತು. ಅವನು ಅದನ್ನು ಹಲಗೆಯ ಮೇಲಿಟ್ಟು, ಈಗ ಬಂದೆ ಎಂದು ಹೇಳಿ, ತನ್ನ ಅಂಗಡಿಗೆ ಹೋಗಿ ಬೀಟೆಮರದ ಪೆಟ್ಟಿಗೆಯನ್ನೂ ಕೆಲವು ಪೊಟ್ಟಣಗಳನ್ನೂ ತಂದ. ಅಂದಿನ ವಿಭೂತಿ ತಟ್ಟೆಯ ಮೇಲೆ ಹಸಿಯಾಗಿತ್ತು. ಒರೆಸಲು ಕೈ ಹೋಯಿತು. ಎರಡೂ ಕಡೆ ಸಮನಾಗಿಯೇ ಇದೆಯಲ್ಲ ಎಂದುಕೊಂಡು ಬಿಟ್ಟ. ಕೆಂಪು ರೇಷ್ಮೆಯ ಪಕ್ಕದಲ್ಲಿ ತಕ್ಕಡಿ ನಿಲ್ಲಿಸಿ, ಒಂದು ಪೊಟ್ಟಣ ಈಚೆಗೆ, ಒಂದು ಆಚೆಗೆ ಇಟ್ಟ. ಆಚೆಯದು ಇಳಿಯಿತು. ಇಳಿದದ್ದನ್ನು ಒಡೆದು ಬೆಳ್ಳಿಯ ಕಾರ್ಡು ತೋರಿಸಿದ. ಇನ್ನೊಂದು ಜೊತೆ ಇಟ್ಟ, ಮತ್ತೆ ತೋರಿಸಿ, ಒಡೆದದ್ದನ್ನು ಅದರ ತಟ್ಟೆಗೇ ಮರಳಿ ಇಟ್ಟ. ಆಮೇಲೆ ಏಪ್ರಿಲ್ಲಿನ ಬೆಳಗಿನಿಂದ ಸೋಮವಾರದ ತಟ್ಟೆಯವರೆಗೆ ಎಲ್ಲವನ್ನೂ ಹೇಳಿದ. ಹೇಳುವಾಗ ಅವಳ ಮುಖ ನೋಡಲಾರದೆ ಗುಲಗಂಜಿಯ ಕಪ್ಪು ಕಣ್ಣನ್ನೇ ನೋಡುತ್ತಿದ್ದ.

ರಸ್ತೆಯಲ್ಲಿ ಆಟೋವೊಂದು ಹಿಂದಕ್ಕೆ ಬರುತ್ತ ಬೀಪ್ ಬೀಪ್ ಎನ್ನುತ್ತಿತ್ತು. ಮುದ್ದಮ್ಮ ಬೆರಳ ತುದಿಯಿಂದ ಹಗುರವಾದ ತಟ್ಟೆಯನ್ನು ಒತ್ತಿ ಬಿಟ್ಟಳು. ಅದು ತೂಗಾಡಿ, ಮತ್ತೆ ಮೇಲಕ್ಕೇ ಹೋಗಿ ನಿಂತಿತು.

"ನಾನು ಯೋಳಿದ್ನಲ್ಲ, ಕೈ ಓಯ್ತು ಅಂತ. ಆವತ್ತು ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಗೊತ್ತಿದ್ದು ಸುಮ್ಕಿದ್ರಿ."

ಅವಳು ತಕ್ಕಡಿಯನ್ನು ತಾನೇ ಎತ್ತಿ ಪೆಟ್ಟಿಗೆಯೊಳಗಿಟ್ಟು ಮುಚ್ಚಿ, ಹಲಗೆಯ ಆಚೆ ತುದಿಗೆ ಸರಿಸಿದಳು. ಬಟ್ಟೆಯನ್ನು ಅಂಗೈಯಿಂದ ಸವರಿ ಸುಕ್ಕು ತೆಗೆದಳು. ಕತ್ತರಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಸೀಮೆಸುಣ್ಣದ ಗೆರೆಯ ತುದಿಗೆ ತಂದಳು. ಕತ್ತರಿ ಅಲ್ಲಿ ನಿಂತಿತು. ಗೋಡೆಯಾಚೆಯಿಂದ ತಿಂಗಳುಗಟ್ಟಲೆ ಕೇಳದಿದ್ದ ಕರಕರ ಅವನ ಕಣ್ಣೆದುರೇ ಶುರುವಾಯಿತು, ಮೊದಲು ಅನುಮಾನಿಸುತ್ತ, ಆಮೇಲೆ ಗೆರೆಯುದ್ದಕ್ಕೂ ತಡೆಯಿಲ್ಲದೆ.

ಪೂರ್ತಿ ಕತ್ತರಿಸಿದ ಮೇಲೆ ಅವಳು ತಲೆಯೆತ್ತಿದಳು. ಕಣ್ಣು ಒದ್ದೆಯಾಗಿತ್ತು, ದನಿ ಒಣಗಿತ್ತು.

"ನನ್ ಕೈ ನಂಗೆ ಬಂತು. ನಿಮ್ ಕೈ ಕತೆ ನೀವು ನೋಡ್ಕಳಿ. ಆ ಮಕ್ಕಳ ಮುಂದೂ ತೂಗಿ ತೋರ್ಸಿ, ಭಾನುವಾರ. ನಾ ಒಬ್ಳಿಗೇ ಯೋಳಿ ಮುಗಿಸ್ಬುಡಬ್ಯಾಡಿ."

ಭಾನುವಾರ ಅವನು ತೂಗಿ ತೋರಿಸಿದ. ನಾಲ್ಕು ಮೇಜುಗಳ ನಡುವೆ ತಕ್ಕಡಿ ಇಟ್ಟು, ಅದೇ ಮಾತುಗಳನ್ನು ಮತ್ತೆ ಹೇಳುವಾಗ, ಎರಡನೆಯ ಸಲ ಹೇಳುವುದು ಸುಲಭವೆಂಬುದು ಸುಳ್ಳೆಂದು ತಿಳಿಯಿತು. ಬ್ಯಾಂಕಿನ ಗುಮಾಸ್ತರು ಕಾರ್ಡುಗಳನ್ನು ಡಬ್ಬಿಗೆ ಹಾಕಿಕೊಂಡು ಎದ್ದರು. ಕೆಲವರು ಕಪಾಟಿನಿಂದ ಕೊಂಡದ್ದನ್ನು ಹಿಂದಿರುಗಿಸಿದರು. ಅವನು ದುಡ್ಡು ಎಣಿಸಿಕೊಟ್ಟು ತೆಗೆದುಕೊಂಡ. ನಾಗಾರ್ಜುನ ಮಾತ್ರ ಕೊನೆಯವರೆಗೂ ಕೂತಿದ್ದು, ಕೆಂಪಾದ ಮುಖದಿಂದ ಸೌಮ್ಯಳ ಕಡೆ ತಿರುಗಿ, "ನಾನು ನಿಮ್ಮಮ್ಮನ ಬಗ್ಗೆ ಅಷ್ಟೆಲ್ಲ ಅಂದ್ಬುಟ್ಟೆ" ಎಂದ. ಮೇಲಿಂದ ಇಳಿದು ಬಂದಿದ್ದ ನೀಲಮ್ಮ ಮೆಟ್ಟಿಲ ಬಳಿ ಎಲ್ಲವನ್ನೂ ಕೇಳಿಸಿಕೊಂಡು ಮೇಲಕ್ಕೆ ಹೋದಳು.

ಮರುದಿನ ಕಾರ್ತಿಕದ ಎರಡನೆಯ ಸೋಮವಾರ. ಮಹದೇವಪ್ರಸಾದ್ ಶಟರನ್ನು ಪೂರ್ತಿ ಎತ್ತಿದ. ತಕ್ಕಡಿಯನ್ನು ದೇವರ ಗೂಡಿನಿಂದ ತಂದು ಕಪಾಟಿನ ಮೇಲೆ, ಗಿರಾಕಿಯ ಕಡೆಗೆ ಇಟ್ಟ. ಇನ್ನು ಮುಂದೆ ಯಾರು ಬೇಕಾದರೂ ತೂಗಿಕೊಳ್ಳಲಿ ಎಂದು. ಹಾಗೆ ತೂಗಿಕೊಂಡರೆ ಈ ವ್ಯಾಪಾರದಲ್ಲಿ ಉಳಿಯುವುದೇನೆಂಬುದು ಅವನಿಗೆ ತಿಳಿಯದೆ ಇರಲಿಲ್ಲ. ಬೋಗಾದಿಯ ಬಸ್ಸು ಹೋಯಿತು. ಪಕ್ಕದ ಬಾಗಿಲು ತೆರೆದ ಸದ್ದಾಯಿತು. ಅವಳು ಬರಲಿಲ್ಲ. ಹತ್ತು ಗಂಟೆಗೆ ಪೆನ್ಸಿಲು ಕೇಳಿಕೊಂಡು ಬಂದ ಒಬ್ಬರಿಗೆ, ಇನ್ನೂ ಬೋಣಿಯಾಗಿಲ್ಲ, ಆಮೇಲೆ ಬನ್ನಿ ಎಂದು ಹೇಳಿ ಕಳಿಸಿದ. ಹೇಳಿದ ಮೇಲೆ ತನ್ನ ಬುದ್ಧಿಗೆ ತಾನೇ ನಾಚಿದ.

ಹನ್ನೊಂದಕ್ಕೆ ಸೌಮ್ಯ ಬಂದಳು. ಕೈಯಲ್ಲಿ ಕಂದಕದ ರಾಣಿ, ಪ್ಲಾಸ್ಟಿಕ್ ಕವಚದಲ್ಲಿ. ಅದನ್ನು ಕಪಾಟಿನ ಮೇಲಿಟ್ಟು, ಅಮ್ಮ ಕೊಟ್ಟು ಬಾ ಅಂದರು ಎಂದಳು. ಇಟ್ಟುಕೊಳ್ಳಮ್ಮ, ಇದು ನಿನ್ನದೇ ಎಂದು ಅವನು ಎಷ್ಟು ಹೇಳಿದರೂ ಅವಳು ತೆಗೆದುಕೊಳ್ಳಲಿಲ್ಲ. ರಾಣಿಯ ಮೇಲೆ ಅವಳ ಕಣ್ಣು ಒಂದು ಕ್ಷಣ ಹೆಚ್ಚಾಗಿಯೇ ನಿಂತಿತು. ಅವನು ಗಲ್ಲಾಪೆಟ್ಟಿಗೆ ತೆರೆದು, ಇಷ್ಟು ವಾರದ ಪೊಟ್ಟಣಗಳ ದುಡ್ಡನ್ನಾದರೂ ಅಮ್ಮನಿಗೆ ಕೊಡೆಂದು ಚಾಚಿದ. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಬೇಡ ಅಂಕಲ್. ಅದು ಬೋಣಿ ದುಡ್ಡಂತೆ. ಕೊಟ್ಟಿದ್ದು ವಾಪಸ್ ಇಸ್ಕೋಬಾರ್ದು, ಅಂಗಡಿಗೆ ಒಳ್ಳೇದಲ್ಲ ಅಂದ್ರು ಅಮ್ಮ."

ಅವಳು ಬಸ್ಸಿಗೆ ಓಡಿದಳು. ಗಲ್ಲಾಪೆಟ್ಟಿಗೆ ತೆರೆದೇ ಇತ್ತು. ದುಡ್ಡು ಹಿಡಿದು ಚಾಚಿದ ಕೈಯನ್ನು ಮಹದೇವಪ್ರಸಾದ್ ಮಡಿಸುವುದನ್ನು ಮರೆತು ನಿಂತಿದ್ದ. ಗೋಡೆಯ ಆಚೆ ದೊಡ್ಡ ಕತ್ತರಿ ಹಲಗೆಯ ಮೇಲೆ ಸಾಗುತ್ತಿತ್ತು.